ಬೋಟ್ ಬಂದ್ ಆಗೋ ಮೊದ್ಲು ಬೈತಖೋಲ್ ಬೆಕ್ಕುಗಳಿಗೆ ಆಪರೇಷನ್ ಮಾಡ್ಸೋದು, ಯಾರ್ಯಾರು ಬರ್ತೀರಿ?

ಬಂದರು ಬೆಕ್ಕು:
ಎಲ್ರಿಗೂ ನಮಸ್ಕಾರ. ಕಾರವಾರದಲ್ಲಿ ಬೀದಿ ಬೆಕ್ಕುಗಳಿಗೆ ಊಟ ಹಾಕೋರು ನಾವು ಕೆಲವು ಜನ ಇದ್ದೇವೆ, ಸಂಘ-ಗಿಂಘ ಎಂತದೂ ಇಲ್ಲ, ಒಂದು ವಾಟ್ಸಾಪ್ ಗ್ರೂಪ್ ಅಷ್ಟೇ, ಒಬ್ರು ಟೀಚರ್, ಒಬ್ರು ಬ್ಯಾಂಕಿನವರು, ಕಾಲೇಜ್ ಹುಡುಗ್ರು ಹೀಗೆ. ಬೈತಖೋಲ್ ಬಂದರು, ಮೀನು ಮಾರ್ಕೆಟ್, ಕೋಡಿಬಾಗದ ಕಡೆ ಒಂದೆರಡು ಗಲ್ಲಿ ನಮ್ಮ ಏರಿಯಾ.

ಜೂನ್ 1ಕ್ಕೆ ಬೋಟ್ ಬಂದ್. ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟ್ ಕಡಲಿಗೆ ಇಳಿಯೋ ಹಾಗಿಲ್ಲ. ನಮ್ಗೆಲ್ಲ ಒಣಮೀನು ಇದೆ, ನಾಡದೋಣಿಯವ್ರು ತರೋ ಚೂರುಪಾರು ಇದೆ (ದರ ಕೇಳ್ಬೇಡಿ), ಬಂದರಿನ ಬೆಕ್ಕಿಗೆ ಎಂತದೂ ಇಲ್ಲ. ಬೋಟಲ್ಲಿ ಕೆಲಸ ಮಾಡೋ ಒಡಿಶಾ, ಜಾರ್ಖಂಡ್ ಕಡೆ ಹುಡುಗ್ರು ದಿನಾ ಅಡುಗೆ ಮಾಡುವಾಗ ಬೆಕ್ಕಿಗೂ ಒಂದು ಪಾಲು ತೆಗ್ದಿಡ್ತಾರೆ, ಅವ್ರೂ ಊರಿಗೆ ಹೋಗಿಬಿಡ್ತಾರೆ. ಪ್ರತಿ ಮಳೆಗಾಲ ಅದೇ ಕಥೆ. ಹಸಿದ ತಾಯಿ, ಹಾಲಿಲ್ಲದ ಮರಿ, ಆಮೇಲೆ ಮಳೆ.

ಈ ಸಲ ನಮ್ಮಲ್ಲಿ ಜಗಳ ಆಗಿ ಆಗಿ ಒಂದು ತೀರ್ಮಾನಕ್ಕೆ ಬಂದಿದ್ದೇವೆ, ಊಟದ ದುಡ್ಡಲ್ಲಿ ದೊಡ್ಡ ಪಾಲು ಸಂತಾನಹರಣ ಆಪರೇಷನ್‌ಗೆ ಹಾಕೋದು ಅಂತ. ಡಾಕ್ಟ್ರು ಒಪ್ಪಿದ್ದಾರೆ. ದುಡ್ಡು ಹೇಗೋ ಆಗ್ತದೆ. ಬೆಕ್ಕು ಹಿಡಿಯೋರು ಬೇಕು, ಮತ್ತೆ ಮುಖ್ಯವಾಗಿ ಜಾಗ ಬೇಕು. ಹೊಟ್ಟೆ ಕೊಯ್ದ ಹೆಣ್ಣು ಬೆಕ್ಕನ್ನ ಅವತ್ತೇ ಸಂಜೆ ಮಳೆಗೆ ಬಿಡೋಕಾಗಲ್ಲ, ಒಣಗಿದ, ಬಾಗಿಲು ಹಾಕೋಕಾಗೋ ಒಂದು ರೂಮು ಬೇಕು. ಊರಲ್ಲಿ ಖಾಲಿ ರೂಮ್ ಇರೋರೆಲ್ಲ ಬೆಕ್ಕು ಅಂದ ಕೂಡ್ಲೇ ಫೋನ್ ಇಡ್ತಾರೆ.

ಕುಮಟಾದವ:
ಹಿಡಿಯೋಕೆ ಬರೋಕಾಗಲ್ಲ ಮಾರಾಯ್ರೆ, ಕೆಲಸ ಬೆಂಗಳೂರಲ್ಲಿ. ಒಂದು ಬೆಕ್ಕಿನ ಖರ್ಚು ನಂದು. ಅಕೌಂಟ್ ನಂಬರ್ ಇಲ್ಲಿ ಹಾಕ್ಬೇಡಿ, ಮೆಸೇಜ್ ಮಾಡಿ.

ನಂದನಗದ್ದಾ ನಿವಾಸಿ:
ಬೇಜಾರ್ ಮಾಡ್ಕೊಳ್ಬೇಡಿ, ನೇರವಾಗಿ ಹೇಳ್ತೇನೆ. ಈ ಬೆಕ್ಕುಗಳು ಹೆಚ್ಚಾಗಿದ್ದೇ ನಿಮ್ಮಂಥವ್ರಿಂದ. ನಮ್ಮ ಗಲ್ಲಿಯಲ್ಲಿ ಮೊದ್ಲು ಎರಡು ಇತ್ತು, ಒಬ್ಬ ಬಾಯಿ (ಹೆಂಗಸು) ದಿನಾ ಅನ್ನ-ಮೀನು ಇಡೋಕೆ ಶುರು ಮಾಡಿದ್ಮೇಲೆ ಈಗ ಎಣಿಸೋಕೇ ಹೋಗಿಲ್ಲ. ಸ್ಕೂಟರ್ ಸೀಟು ಪರಚಿ ಸ್ಪಂಜು ಹೊರಗೆ, ಪೋರ್ಟಿಕೋದಲ್ಲಿ ಉಚ್ಚೆ ವಾಸನೆ, ರಾತ್ರಿ ಎರಡು ಗಂಟೆಗೆ ಮಗು ಅತ್ತ ಹಾಗೆ ಕಿರುಚಾಟ, ಬೆಳಿಗ್ಗೆ ನನಗೆ ಡ್ಯೂಟಿ. ಅಷ್ಟು ಪ್ರೀತಿ ಇದ್ರೆ ಮನೆಗೆ ಕರ್ಕೊಂಡು ಹೋಗಿ ಸಾಕಿ, ನಮ್ಮನೆ ಮುಂದೆ ಯಾಕೆ ಪುಣ್ಯ ಸಂಪಾದನೆ?

ಬಂದರು ಬೆಕ್ಕು:
ಸರ್, ಊಟ ಮಾತ್ರ ಹಾಕಿ ಆಪರೇಷನ್ ಮಾಡ್ಸದೆ ಬಿಟ್ರೆ ಹೆಚ್ಚಾಗ್ತದೆ, ನೀವು ಹೇಳಿದ್ದು ಖರೆ. ನಮ್ಮ ಗುಂಪಿನ ಜಗಳನೂ ಅದೇ ಆಗಿತ್ತು. ಆದ್ರೆ ನಿಮ್ಮ ಮೂರು ದೂರಲ್ಲಿ ಎರಡು (ವಾಸನೆ, ರಾತ್ರಿ ಕಿರುಚಾಟ) ಬೆದೆಗೆ ಬಂದ ಹೆಣ್ಣು ಮತ್ತೆ ಅದರ ಹಿಂದೆ ಬರೋ ಗಂಡುಗಳದ್ದು. ಗಂಡು ಬೆಕ್ಕು ಗೋಡೆಗೆ ಸಿಂಪಡಿಸ್ತದಲ್ಲ, ಅದು ಗಡಿ ಗುರುತು, ಆಪರೇಷನ್ ಆದ್ಮೇಲೆ ಬಹಳಷ್ಟು ಕಡಿಮೆ ಆಗ್ತದೆ. ಸೀಟು ಪರಚೋದು ಮಾತ್ರ ನಿಲ್ಲಲ್ಲ, ಅದಕ್ಕೆ ಹಳೇ ಗೋಣಿ ಚೀಲ ಹೊದೆಸಿ.

ಪಶುವೈದ್ಯ ವಿದ್ಯಾರ್ಥಿ:
ನಾನಿನ್ನೂ ಓದ್ತಾ ಇರೋನು, ಡಾಕ್ಟರ್ ಅಲ್ಲ, ಊರು ಇಲ್ಲೇ ಅಮದಳ್ಳಿ ಕಡೆ. ಸ್ವಲ್ಪ ಉದ್ದ ಆಗ್ತದೆ, ಓದಿ.

ಬೆಕ್ಕಿನ ಗರ್ಭದ ಅವಧಿ ಹೆಚ್ಚುಕಡಿಮೆ 63ರಿಂದ 65 ದಿನ. ಬೋಟ್ ಬಂದ್ ಇರೋದು 61 ದಿನ. ಅಂದ್ರೆ ಜೂನ್ ಮೊದಲ ವಾರ ಗರ್ಭ ಕಟ್ಟಿದ ಬೆಕ್ಕು ಇಡೀ ಬಸುರನ್ನ ಖಾಲಿ ಬಂದರಲ್ಲಿ ಕಳೆದು, ಆಗಸ್ಟ್‌ನಲ್ಲಿ ಬೋಟ್ ಮತ್ತೆ ಇಳಿಯೋ ಹೊತ್ತಿಗೆ ಮರಿ ಹಾಕ್ತದೆ. ಸರಿಯಾಗಿ ತಿಂದಿರಲ್ಲ, ಮರಿ ಸಣ್ಣ, ಅರ್ಧ ಸಾಯ್ತವೆ, ಆದ್ರೂ ಉಳಿದವು ಸಾಕಾಗ್ತವೆ. ಹೆಣ್ಣು ಮರಿ ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಮರಿಗೆ ಹಾಲು ಕುಡಿಸ್ತಾ ಇರುವಾಗ್ಲೇ ತಾಯಿ ಮತ್ತೆ ಗರ್ಭ ಕಟ್ಟಬಹುದು. ಜನ ಇದನ್ನ ನಂಬಲ್ಲ, “ಹಾಲು ಕುಡಿಸ್ತಾ ಇದೆ, ಈಗೇನೂ ಆಗಲ್ಲ” ಅಂತ ಕಾಯ್ತಾರೆ, ಅಷ್ಟರಲ್ಲಿ ಇನ್ನೊಂದು ಬ್ಯಾಚ್ ರೆಡಿ.

ಅದಕ್ಕೆ ದುಡ್ಡು ಕಡಿಮೆ ಇದ್ರೆ ಮೊದ್ಲು ಹೆಣ್ಣು ಹಿಡೀರಿ. ಹತ್ತು ಗಂಡಲ್ಲಿ ಒಂಬತ್ತಕ್ಕೆ ಮಾಡಿಸಿದ್ರೂ ಉಳಿದ ಒಂದೇ ಗಂಡು ಎಲ್ಲ ಹೆಣ್ಣಿಗೂ ಸಾಕು. ದೂರದಿಂದ ಗುರುತು ಹಿಡಿಯೋಕೆ ಒಂದು ಉಪಾಯ: ಬಿಳಿ-ಕಪ್ಪು-ಕೇಸರಿ ಮೂರೂ ಬಣ್ಣ ಇದ್ರೆ ಅದು ಹೆಚ್ಚುಕಡಿಮೆ ಯಾವಾಗ್ಲೂ ಹೆಣ್ಣೇ, ಕೇಸರಿ-ಕಪ್ಪು ಬಣ್ಣದ ಜೀನು ಎಕ್ಸ್ ಕ್ರೋಮೋಸೋಮಲ್ಲಿ ಇರೋದ್ರಿಂದ ಎರಡೂ ಒಟ್ಟಿಗೆ ಬರೋಕೆ ಎರಡು ಎಕ್ಸ್ ಬೇಕು. ಪೂರ್ತಿ ಕೇಸರಿ ಆದ್ರೆ ಗಂಡಾಗಿರೋ ಸಾಧ್ಯತೆ ಜಾಸ್ತಿ. ದೊಡ್ಡ ತಲೆ, ಊದಿದ ಕೆನ್ನೆ ಕಂಡ್ರೆ ಅದು ಪಕ್ಕಾ ಊರ ಗಂಡು.

ಆಪರೇಷನ್ ಆದದ್ದಕ್ಕೆ ಎಡಗಿವಿ ತುದಿ ನೇರಕ್ಕೆ ಸ್ವಲ್ಪ ಕತ್ತರಿಸ್ಲಿಕ್ಕೆ ಡಾಕ್ಟರಿಗೆ ಹೇಳಿ. ಅರವಳಿಕೆಯಲ್ಲಿ ಇರುವಾಗ್ಲೇ ಮಾಡೋದು, ಅದಕ್ಕೆ ಗೊತ್ತೂ ಆಗಲ್ಲ. ಇಲ್ಲದಿದ್ರೆ ಮುಂದಿನ ವರ್ಷ ಅದೇ ಬೆಕ್ಕನ್ನ ಹಿಡಿದು ಹೊಟ್ಟೆ ಬೋಳಿಸಿ ಹಳೇ ಗಾಯದ ಗುರುತು ನೋಡಿ ಎಲ್ರೂ ಮುಖ ಮುಖ ನೋಡ್ಕೊಳ್ಬೇಕು.

ಕಾಜುಬಾಗ ಅಜ್ಜ:
ಕಿವಿ ಕತ್ತರಿಸೋದು ಪಾಪ ಅಲ್ವೇನಪ್ಪಾ.

ಪಶುವೈದ್ಯ ವಿದ್ಯಾರ್ಥಿ:
ಅಜ್ಜಾರೆ, ಒಂದೇ ಬೆಕ್ಕಿಗೆ ಎರಡು ಸಲ ಹೊಟ್ಟೆ ಕೊಯ್ಯೋದಕ್ಕಿಂತ ಕಿವಿ ತುದಿ ವಾಸಿ.

ಟ್ರಾಲರ್ ತಮ್ಮ:
ನಾ ಬೈತಖೋಲದವ್ನೇ, ಬೋಟ್ ಕೆಲಸ. ನಿಮ್ಮ ಗುಂಪಿನವ್ರನ್ನ ನೋಡಿದ್ದೆ, ಸಾಯಂಕಾಲ ಬತ್ತರು, ಡಬ್ಬಿ ಇಡ್ತರು, ಹೋಗ್ತರು. ಸಾಯಂಕಾಲ ಬಂದ್ರೆ ಬೆಕ್ಕು ಹಿಡೂಕೆ ಸಿಗೂದಿಲ್ಲ ಅಕ್ಕ. ಬೋಟ್ ಬಂದು ಮೀನು ಇಳಿಸು ಟೈಮಲ್ಲಿ ಎಲ್ಲಾ ಬೆಕ್ಕು ಅಲ್ಲೇ ಇರ್ತವೆ ಆದ್ರೆ ಹೊಟ್ಟೆ ತುಂಬಿರ್ತದೆ, ನೀವು ಬೋನಲ್ಲಿ ಎಂತ ಇಟ್ರೂ ತಿರುಗಿ ನೋಡೂದಿಲ್ಲ. ಬೋಟ್ ಬರ್ದೇ ಇದ್ದ ದಿನ, ಗಾಳಿ ಎದ್ದು ಎಲ್ಲ ಬೋಟ್ ಒಳಗೇ ನಿಂತ ದಿನ ಬನ್ನಿ. ಮುಂಜಾನೆ ಬೆಳಕು ಹರಿಯು ಮುಂಚೆ. ಸುಟ್ಟ ಒಣ ಬಂಗಡೆ ಇಡಿ, ಆ ವಾಸ್ನೆಗೆ ಬರ್ದೇ ಇರು ಬೆಕ್ಕು ಈ ಬಂದರಲ್ಲಿ ಹುಟ್ಲಿಲ್ಲ.

ಮತ್ತೊಂದು. ಮೇ ಕೊನೆಗೆ ಬಲೆ ಎಲ್ಲಾ ಇಳಿಸಿ ಶೆಡ್ಡಲ್ಲಿ ರಾಶಿ ಹಾಕ್ತೇವೆ. ಹೆಣ್ಣು ಬೆಕ್ಕೆಲ್ಲಾ ಆ ಬಲೆ ರಾಶಿ ಒಳಗೇ ಮರಿ ಹಾಕೂದು, ಬೆಚ್ಚಗೆ ಇರ್ತದೆ ನೋಡಿ. ಕೆಲವು ಮಾಲೀಕ್ರು ಬೈತರು ಬಲೆ ಗಲೀಜು ಆಗ್ತದೆ ಅಂತ. ಆದ್ರೆ ಬೆಕ್ಕಿಲ್ಲದ ಶೆಡ್ಡಲ್ಲಿ ಇಲಿ ಬಲೆ ಕಡಿದು ಇಟ್ರೆ ಆಗ ಗೊತ್ತಾಗ್ತದೆ, ಎಷ್ಟು ದುಡ್ಡು ಹಾಳು ಅಂತ. ನಮ್ಗೆ ಬೆಕ್ಕು ಬೇಕು. ಇಷ್ಟೊಂದು ಬೇಡ ಅಷ್ಟೇ.

ಬಂದರು ಬೆಕ್ಕು:
ತಮ್ಮಾ ನೀನು ಇಷ್ಟು ದಿನ ಎಲ್ಲಿದ್ದೆ! ಶೆಡ್ ಮಾಲೀಕ್ರ ಹತ್ರ ಒಂದು ಮಾತು ಕೇಳೋಕಾಗ್ತದಾ, ಮೂಲೇಲಿ ಒಂದಿಷ್ಟು ಜಾಗ ಕೊಟ್ರೆ ಸಾಕು.

ಟ್ರಾಲರ್ ತಮ್ಮ:
ಕೇಳಿ ಹೇಳ್ತೆ. ಗ್ಯಾರಂಟಿ ಇಲ್ಲ.

ಶಿರಸಿ ತೋಟದಮನೆ:
ನಂಗೊಂದು ಐಡಿಯಾ ಬಂತು. ನಮ್ಮ ಕಡೆ ಅಡಿಕೆ ತೋಟದಲ್ಲಿ, ಅಟ್ಟದಲ್ಲಿ ಇಲಿ ಕಾಟ ಸಾಕೋ ಸಾಕು ಅಂದ್ರೆ ಸಾಕು. ಅಲ್ಲಿ ಬೆಕ್ಕು ಹೆಚ್ಚು, ಇಲ್ಲಿ ಇಲಿ ಹೆಚ್ಚು. ದೇವಿಮನೆ ಘಾಟಿ ಹತ್ತಿಸಿ ಒಂದು ಗಾಡಿ ತುಂಬಾ ಕಳ್ಸಿಬಿಡಿ, ಊರಲ್ಲಿ ಮನೆಗೊಂದು ಹಂಚ್ತೇನೆ. ನಮ್ಮನೇಲಿ ಬೆಕ್ಕಿಗೆ ಹಾಲು-ಅನ್ನ ಯಾವತ್ತೂ ತಪ್ಪಿಸಿದ್ದಿಲ್ಲ, ಹಾಲು-ಅನ್ನ ತಿಂದೇ ಹನ್ನೆರಡು ವರ್ಷ ಬದುಕಿದ ಬೆಕ್ಕು ಇತ್ತು.

ಪಶುವೈದ್ಯ ವಿದ್ಯಾರ್ಥಿ:
ಹಾಲು-ಅನ್ನ ತಿಂದು ಅಲ್ಲ ಭಟ್ರೆ, ನಿಮ್ಮ ಅಟ್ಟದ ಇಲಿ ತಿಂದು 😀 ಬೆಕ್ಕಿಗೆ ಟೌರಿನ್ ಅನ್ನೋ ಅಂಶ ಹೊರಗಿಂದ್ಲೇ ಸಿಗ್ಬೇಕು, ಅದಿರೋದು ಮಾಂಸ-ಮೀನಲ್ಲಿ, ಅನ್ನದಲ್ಲಿ ಇಲ್ಲ. ಬಹಳ ದಿನ ಸಿಗದಿದ್ರೆ ಕಣ್ಣು ಹೋಗ್ತದೆ, ಹೃದಯ ದುರ್ಬಲ ಆಗ್ತದೆ. ಹೊರಗೆ ಬೇಟೆಯಾಡೋ ಬೆಕ್ಕು ತನ್ನ ವ್ಯವಸ್ಥೆ ತಾನೇ ಮಾಡ್ಕೊಳ್ತದೆ. ಫ್ಲ್ಯಾಟಲ್ಲಿ ಬಾಗಿಲು ಹಾಕಿ ಹಾಲು-ಅನ್ನದ ಮೇಲೇ ಸಾಕೋರು ಮಾತ್ರ ಯೋಚನೆ ಮಾಡಿ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಸುವಿನ ಹಾಲು ಜೀರ್ಣನೂ ಆಗಲ್ಲ, ಭೇದಿ.

ಹುಬ್ಬಳ್ಳಿ ಬೆಕ್ಕಮ್ಮ:
ಗಾಡಿ ತುಂಬಿ ಕಳಿಸೋ ಮಾತು ಬ್ಯಾಡ್ರಿ. ನಾವು ಹುಬ್ಬಳ್ಯಾಗ ಈ ಕೆಲಸ ಮಾಡಾಕತ್ತು ಭಾಳ ದಿನ ಆತು. ಬೆಕ್ಕು ಮನಿಶಾರಿಗಿಂತ ಜಾಗಕ್ಕ ಜಾಸ್ತಿ ಹೊಂದ್ಕೊಂಡಿರತೈತಿ. ಹೊಸ ಊರಾಗ ಬಿಟ್ರ ಅವತ್ತ ರಾತ್ರಿನ ಓಡಿಹೋಗತೈತಿ, ರೋಡಿನ್ಯಾಗ ಗಾಡಿಗೆ ಸಿಗತೈತಿ ಇಲ್ಲಾ ನಾಯಿಗೆ ಸಿಗತೈತಿ, ನಿಮ್ಮ ಮಲೆನಾಡಿನ್ಯಾಗ ಚಿರತಿನೂ ಅದಾವು. ಇತ್ತ ಬಂದರದಾಗ ಖಾಲಿ ಆದ ಜಾಗಕ್ಕ ಬ್ಯಾರೆ ಬೆಕ್ಕು ಬರ್ತಾವು, ಮೀನ ಐತಲ್ರಿ ಅಲ್ಲೆ. ಆಪರೇಷನ್ ಆದ ಬೆಕ್ಕು ವಾಪಸ್ ಅಲ್ಲೇ ಇದ್ರ ತನ್ನ ಜಾಗಾ ತಾನ ಕಾಯತೈತಿ.

ಭಟ್ರು ಖರೇನ ಬೇಕು ಅಂದ್ರ ಒಂದೋ ಎರಡೋ ತಗೋಳ್ರಿ, ಆಪರೇಷನ್ ಆಗಿದ್ದು, ಮನಿಶಾರ ಹತ್ರ ಬರೋ ಅಂಥಾದ್ದು. ಮೊದಲ ಎರಡು ಮೂರು ವಾರ ಕೊಟ್ಟಿಗಿ ಪಕ್ಕದ ಖೋಲಿಯೊಳಗ ಬಾಗಲಾ ಹಾಕಿ ಇಡ್ರಿ, ಊಟ ಅಲ್ಲೇ, ಸಂಡಾಸ್ ಅಲ್ಲೇ. ಆ ವಾಸನಿ “ಇದು ನಮ್ಮನಿ” ಅಂತ ಮೂಗಿಗೆ ಕುಂತಮ್ಯಾಲೆ ಬಿಡ್ರಿ.

ಶಿರಸಿ ತೋಟದಮನೆ:
ಹೌದಾ, ಇದು ಗೊತ್ತಿರ್ಲಿಲ್ಲ. ಆಗ್ಲಿ, ಎರಡು ನಂಗಿರ್ಲಿ. ನಮ್ಮ ಆಯಿಗೆ ಮೂರು ಬಣ್ಣದ್ದು ಬೇಕಂತೆ.

ಹುಬ್ಬಳ್ಳಿ ಬೆಕ್ಕಮ್ಮ:
ಬೆಕ್ಕು ಹಿಡಿಯೋರು ಬೇಕು ಅಂದ್ರಿ. ಕೈಯಾಗ ಹಿಡಿಯಾಕ ಹೋಗಬ್ಯಾಡ್ರಿ, ಗೋಣಿಚೀಲ ಹಾಕಿ ಒತ್ತಿ ಹಿಡಿಯೋದಂತೂ ಬ್ಯಾಡೇ ಬ್ಯಾಡ. ವೆಲ್ಡಿಂಗ್ ಅಂಗಡ್ಯಾಗ ದೊಡ್ಡ ಇಲಿಬೋನಿನ ಥರಾ ಮಾಡಸ್ರಿ, ಒಳಗ ತುಳಿಯೋ ತಗಡು, ತುಳದ್ರ ಬಾಗಲಾ ಬೀಳಬೇಕು. ಬಾಗಲದ ಅಂಚು ಚೂಪ ಇರಬಾರದು, ಬಾಲಾ ಸಿಗತೈತಿ. ಬೋನು ಇಟ್ಟು ಮನಿಗೆ ಹೋಗಿ ಚಾ ಕುಡದು ಬರೋದು ಬ್ಯಾಡ, ಅಲ್ಲೇ ದೂರ ನಿಂದ್ರಬೇಕು. ಬಿದ್ದ ಕೂಡ್ಲೇ ಮ್ಯಾಲೆ ದಪ್ಪ ಚಾದರ ಹೊಚ್ಚರಿ, ಕತ್ತಲಾದ್ರ ಅರ್ಧ ಗದ್ದಲ ಅಲ್ಲೇ ನಿಲ್ಲತೈತಿ. ಮೊದಲ ಕೆಲವು ದಿನ ಬಾಗಲಾ ಕಟ್ಟಿ ಇಟ್ಟು ಬರೇ ಅದರೊಳಗ ಊಟ ಇಡ್ರಿ, ರೂಢಿ ಆಗಲಿ. ಹಿಡಿಯೋ ಹಿಂದಿನ ಸಂಜೆ ಯಾರೂ ಊಟ ಹಾಕಬಾರದು, ಅರವಳಿಕಿಗೂ ಹೊಟ್ಟಿ ಖಾಲಿ ಬೇಕು, ಬೋನಿಗೂ ಹಸಿವಿ ಬೇಕು. ಹಂಗಂತ ಬೋನಿನ್ಯಾಗ ರಾಶಿ ಮೀನ ಇಡಬ್ಯಾಡ್ರಿ, ವಾಸನಿಗೆ ಒಂದು ಚೂರು ಸಾಕು. ಎಲ್ಲಾರಿಗೂ ಹೇಳಿ ಬರ್ರಿ, ಯಾಕಂದ್ರ ಒಬ್ಬ ಅಜ್ಜಿ ಪಾಪ ಅಂತ ಬಂದು ಅನ್ನ ಹಾಕಿ ಹೋಗಿರ್ತಾಳ, ಅವತ್ತಿನ ಕೆಲಸ ಕೆಟ್ಟಂಗ.

ಕಚ್ಚಿದ್ರ ಹರಿಯೋ ನೀರಾಗ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೀರಿ, ಅವತ್ತ ದವಾಖಾನಿಗೆ ಹೋಗ್ರಿ. ಅರಿಶಿಣ, ಸುಣ್ಣ ಎಲ್ಲಾ ಬ್ಯಾಡ. ರೇಬೀಸ್ ಬರೇ ನಾಯಿದಲ್ಲ. ಸರಕಾರಿ ದವಾಖಾನ್ಯಾಗ ಇಂಜೆಕ್ಷನ್ ಪುಕ್ಕಟ್ಟೆ ಕೊಡ್ತಾರ.

ಅಂಕೋಲಾ ಅಮ್ಮ:
ಒಂದು ಪ್ರಶ್ನೆ, ವಿಷಯಕ್ಕೆ ಸ್ವಲ್ಪ ದೂರ. ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಏಳು ತಿಂಗಳು. ಮನೇಲಿ ಎರಡು ಬೆಕ್ಕು ಇವೆ, ಬೀದಿಯಿಂದ್ಲೇ ತಂದದ್ದು. ಅಳಿಯನ ಮನೆಯವ್ರು ಬೆಕ್ಕಿನಿಂದ ಹೊಟ್ಟೆಯಲ್ಲಿರೋ ಮಗುವಿಗೆ ತೊಂದ್ರೆ, ಇವತ್ತೇ ಎಲ್ಲಾದ್ರೂ ಬಿಟ್ಟು ಬನ್ನಿ ಅಂತ ಹಠ ಮಾಡ್ತಿದ್ದಾರೆ.

ಪಶುವೈದ್ಯ ವಿದ್ಯಾರ್ಥಿ:
ಅಮ್ಮಾ, ಅವ್ರು ಹೇಳ್ತಿರೋದು ಟಾಕ್ಸೋಪ್ಲಾಸ್ಮಾ ಅನ್ನೋ ರೋಗಾಣು ಬಗ್ಗೆ. ಕಾಯಿಲೆ ನಿಜ, ಬೆಕ್ಕು ಬಿಡೋದು ಬೇಕಾಗಿಲ್ಲ. ಅದು ಬೆಕ್ಕಿನ ಮೈ ಮುಟ್ಟಿದ್ರೆ ಬರೋದಲ್ಲ, ಸೋಂಕಿರೋ ಬೆಕ್ಕಿನ ಮಲ ಬಾಯಿಗೆ ಸೇರಿದ್ರೆ ಬರೋದು. ಬೆಕ್ಕು ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗುಲಿದಾಗ ಒಂದರಿಂದ ಮೂರು ವಾರ ಮಾತ್ರ ಅದನ್ನ ಹೊರಹಾಕ್ತದೆ, ಮತ್ತೆ ಆ ಮಲ ಅಪಾಯಕಾರಿ ಆಗೋಕೆ ಒಂದರಿಂದ ಐದು ದಿನ ಬೇಕು. ಹಾಗಾಗಿ ದಿನಾ ಕ್ಲೀನ್ ಮಾಡಿದ್ರೆ ಆಯ್ತು, ಮಗಳು ಮಾಡೋದು ಬೇಡ, ನೀವು ಗ್ಲೌಸ್ ಹಾಕಿ ಮಾಡಿ, ಕೈ ತೊಳೀರಿ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು, ಹಿತ್ತಲ ಮಣ್ಣು, ಇವುಗಳಿಂದ್ಲೂ ಬರ್ತದೆ, ಅದರ ಬಗ್ಗೆ ಯಾರೂ ಹಠ ಮಾಡಲ್ಲ ನೋಡಿ. ಮಗಳನ್ನ ನೋಡೋ ಡಾಕ್ಟರ ಹತ್ರನೂ ಒಂದು ಮಾತು ಕೇಳಿ, ಅಳಿಯನ ಮನೆಯವ್ರಿಗೆ ಅವ್ರ ಬಾಯಿಂದ ಹೇಳಿಸಿದ್ರೆ ಕೆಲಸ ಆಗ್ತದೆ.

ಕಾಳಿ ತೀರ:
ನಾನು ಹಕ್ಕಿ ನೋಡೋನು, ಎಲ್ರೂ ಒಂದೇ ರಾಗ ಹಾಡ್ತಿದ್ದೀರಿ, ನನ್ನದು ಬೇರೆ. ಹೊಟ್ಟೆ ತುಂಬಿದ ಬೆಕ್ಕು ಬೇಟೆ ಆಡಲ್ಲ ಅನ್ನೋದು ಸುಳ್ಳು. ತಿನ್ನೋಕಲ್ಲದಿದ್ರೂ ಹಿಡೀತದೆ. ಕೆಳಗೆ ಬಿದ್ದ ಪಿಕಳಾರ ಮರಿ, ಓತಿಕ್ಯಾತ, ಹಾವುರಾಣಿ, ಚಿಟ್ಟೆ, ಲೆಕ್ಕ ಇಟ್ಟೋರು ಯಾರು? ಬಂದರು, ಮಾರ್ಕೆಟಲ್ಲಿ ಏನು ಬೇಕಾದ್ರೂ ಮಾಡಿ. ಕಾಳಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹತ್ರ, ದೇವಬಾಗ ಕಡೆ ದಂಡೆ ಮೇಲೆ ಊಟ ಇಡ್ಬೇಡಿ ದಯವಿಟ್ಟು. ಅಲ್ಲಿ ಚಳಿಗಾಲದಲ್ಲಿ ಕಡಲಾಮೆ ಬಂದು ಮೊಟ್ಟೆ ಇಡ್ತದೆ. ಮೊಟ್ಟೆ ಅಗೆಯೋದು ನಾಯಿ ಇರಬಹುದು, ಹೊರಬಂದ ಮರಿ ಬೆಕ್ಕಿಗೂ ಒಂದು ತುತ್ತು.

ಬಂದರು ಬೆಕ್ಕು:
ಇದಕ್ಕೆ ನಮ್ಮ ಹತ್ರ ವಾದ ಇಲ್ಲ. ದಂಡೆ ಮೇಲೆ ನಾವು ಹಾಕಲ್ಲ, ಬೇರೆಯವ್ರು ಹಾಕಿದ್ರೆ ಹೇಳ್ತೇವೆ. ಆದ್ರೆ ಬೆಕ್ಕು ಕಡಿಮೆ ಆಗ್ಬೇಕು ಅನ್ನೋದು ನಿಮಗೂ ಬೇಕು, ನಮಗೂ ಬೇಕು. ಬೋನು ಹೊರೋಕೆ ಒಂದು ಕೈ ಕಡಿಮೆ ಇದೆ, ಮುಂಜಾನೆ ಹೇಗೂ ಬೈನಾಕ್ಯುಲರ್ ಹಿಡ್ಕೊಂಡು ಎದ್ದಿರ್ತೀರಿ.

ಕಾಳಿ ತೀರ:
ಸಿಕ್ಕಿಹಾಕ್ಸಿದ್ರಿ. ಬರ್ತೇನೆ.

ಮಾರ್ಕೆಟ್ ಹತ್ರದವಳು:
ಎಲ್ಲ ಸರಿ, ಮರಿ ಬಿಟ್ಟು ಹೋಗೋರಿಗೆ ಏನು ಮಾಡ್ತೀರಿ? ಮೀನು ಮಾರ್ಕೆಟ್ ಹಿಂದೆ ಸಿಮೆಂಟ್ ಚೀಲದಲ್ಲಿ ಕಟ್ಟಿ ಇಟ್ಟು ಹೋಗ್ತಾರೆ. ಹಳ್ಳಿಯಿಂದ, ಕಾಲನಿಗಳಿಂದ, ಒಳ್ಳೊಳ್ಳೆ ಕಾರಲ್ಲೇ ಬರ್ತಾರೆ. ಕೇಳಿದ್ರೆ “ಇಲ್ಲಿ ಮೀನು ಸಿಗ್ತದೆ, ಬದುಕ್ಕೊಳ್ತವೆ” ಅಂತಾರೆ. ಕಣ್ಣು ಬಿಡದ ಮರಿಗೆ ಮೀನೇನು ಮಾಡೋದು ಮಾರಾಯ್ರೆ. ಮೀನು ಮಾರೋ ಹೆಂಗಸ್ರು ಪಾಪ ಬುಟ್ಟಿ ಪಕ್ಕ ಇಟ್ಕೊಂಡು ಕೂತಿರ್ತಾರೆ, ಅವ್ರೇನು ಮಾಡ್ಯಾರು.

ಕೋರ್ಟ್ ರಸ್ತೆ:
ಕಾನೂನು ಇದೆ, ಕೇಳಿದ್ರೆ ನಗ್ತೀರಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ 11ನೇ ಸೆಕ್ಷನ್ ಪ್ರಕಾರ ಸಾಕಿದ ಪ್ರಾಣಿಯನ್ನ ಹಸಿವು-ನೀರಡಿಕೆಯಿಂದ ನರಳೋ ಹಾಗೆ ಬಿಟ್ಟು ಹೋಗೋದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಅರವತ್ತರ ದಶಕದ ರೂಪಾಯಿ ಹಾಗೇ ಉಳಿದಿದೆ, ಇವತ್ತು ಆ ದುಡ್ಡಿಗೆ ಒಂದು ಒಳ್ಳೆ ಬಂಗಡೆ ಬಂದ್ರೆ ಪುಣ್ಯ. ಕೊಂದ್ರೆ, ವಿಷ ಹಾಕಿದ್ರೆ, ಅಂಗಹೀನ ಮಾಡಿದ್ರೆ ಮಾತ್ರ ಭಾರತೀಯ ನ್ಯಾಯ ಸಂಹಿತೆ 325 ಬರ್ತದೆ, ಐದು ವರ್ಷದ ತನಕ ಜೈಲು. ಊಟ ಹಾಕೋರಿಗೆ ಅಡ್ಡಿ ಮಾಡಿದ್ರೆ 2023ರ ಎಬಿಸಿ (ಅನಿಮಲ್ ಬರ್ತ್ ಕಂಟ್ರೋಲ್, ಅಂದ್ರೆ ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳ 20ನೇ ನಿಯಮ ತೋರಿಸಿ, ಆದ್ರೆ ಅದನ್ನ ಪೂರ್ತಿ ಓದಿ: ಮಕ್ಕಳು ಆಡೋ ಜಾಗ, ಮೆಟ್ಟಿಲು, ಓಡಾಡೋ ಬಾಗಿಲು ಬಿಟ್ಟು ಹಾಕ್ಬೇಕು, ಗಲೀಜು ಮಾಡ್ಬಾರ್ದು ಅಂತನೂ ಅಲ್ಲೇ ಇದೆ. ನಂದನಗದ್ದಾದವ್ರ ಸಿಟ್ಟಲ್ಲಿ ಅರ್ಧ ನ್ಯಾಯ ಇದೆ ಅಂತ ನನ್ನ ಅಭಿಪ್ರಾಯ.

ನಂದನಗದ್ದಾ ನಿವಾಸಿ:
ಅರ್ಧ ಅಲ್ಲ, ಮುಕ್ಕಾಲು ಅನ್ನಿ.

ಕೋಡಿಬಾಗ ಹುಡುಗಿ:
ಅರ್ಜೆಂಟ್!! ನಮ್ಮ ಬಿಲ್ಡಿಂಗ್ ಕೆಳಗೆ ಮೀಟರ್ ಬಾಕ್ಸ್ ಹತ್ರ ಎರಡು ಮರಿ ಕೂಗ್ತಾ ಇವೆ, ಕಣ್ಣು ಮುಚ್ಚಿದೆ, ಮಳೆ ಬರೋ ಹಾಗಿದೆ, ತಾಯಿ ಕಾಣ್ತಿಲ್ಲ. ಫ್ರಿಜ್ಜಲ್ಲಿ ಹಾಲಿದೆ ಕೊಡ್ಲಾ?

ಪಶುವೈದ್ಯ ವಿದ್ಯಾರ್ಥಿ:
ಕೊಡ್ಬೇಡಿ. ಒಂದು ನಿಮಿಷ. ಮರಿಗಳು ದುಂಡಗೆ ಇವೆಯಾ, ಮೈ ಬೆಚ್ಚಗಿದೆಯಾ?

ಕೋಡಿಬಾಗ ಹುಡುಗಿ:
ಒಂದು ಬೆಚ್ಚಗಿದೆ. ಇನ್ನೊಂದು ಸ್ವಲ್ಪ ತಣ್ಣಗೆ ಅನ್ಸ್ತಾ ಇದೆ.

ಪಶುವೈದ್ಯ ವಿದ್ಯಾರ್ಥಿ:
ತಾಯಿ ಊಟ ಹುಡುಕ್ಕೊಂಡು ಹೋಗಿರ್ತದೆ, ಇಲ್ಲಾ ಒಂದೊಂದೇ ಮರಿ ಬೇರೆ ಕಡೆ ಸಾಗಿಸ್ತಾ ಇರ್ತದೆ. ನೀವು ಪಕ್ಕದಲ್ಲಿ ನಿಂತ್ರೆ ಬರಲ್ಲ. ರಟ್ಟಿನ ಬಾಕ್ಸ್ ಅಡ್ಡ ಮಲಗಿಸಿ, ಒಳಗೆ ಹಳೇ ಬಟ್ಟೆ, ಬಾಟ್ಲಿಯಲ್ಲಿ ಬಿಸಿನೀರು ತುಂಬಿ ಟವೆಲಲ್ಲಿ ಸುತ್ತಿ ಪಕ್ಕ ಇಡಿ, ಮರಿ ಬೇಕಾದ್ರೆ ದೂರ ಸರಿಯೋಕೂ ಜಾಗ ಇರ್ಲಿ. ಮಳೆ ಬೀಳದ ಮೂಲೇಲಿಟ್ಟು ದೂರದಿಂದ ನೋಡಿ. ತಣ್ಣಗಿರೋ ಮರಿಗೆ ಬಾಯಿಗೆ ಏನೂ ಹಾಕ್ಬಾರ್ದು, ಜೀರ್ಣ ಆಗಲ್ಲ, ಮೊದ್ಲು ಬೆಚ್ಚಗಾಗ್ಬೇಕು. ಎರಡು ಮೂರು ಗಂಟೆಯಾದ್ರೂ ತಾಯಿ ಬರದಿದ್ರೆ ಹೇಳಿ, ಮರಿಗಳಿಗೇ ಅಂತ ಸಿಗೋ ಹಾಲಿನ ಪುಡಿ ‘ಬಂದರು ಬೆಕ್ಕು’ ಅವ್ರ ಹತ್ರ ಇರ್ತದೆ. ಕುಡಿಸುವಾಗ ಮಗು ಥರ ಅಂಗಾತ ಮಲಗಿಸ್ಬೇಡಿ, ಹೊಟ್ಟೆ ಕೆಳಗೆ ಮಾಡಿ ಕುಡಿಸ್ಬೇಕು, ಇಲ್ಲಾಂದ್ರೆ ಶ್ವಾಸಕೋಶಕ್ಕೆ ಹೋಗ್ತದೆ. ಕುಡಿಸಿದ್ಮೇಲೆ ಒದ್ದೆ ಹತ್ತಿಯಿಂದ ಹಿಂದೆ ಮೆಲ್ಲಗೆ ಒರೆಸ್ಬೇಕು, ಈ ವಯಸ್ಸಲ್ಲಿ ಅವಕ್ಕೆ ತಾವಾಗೇ ಉಚ್ಚೆ ಮಾಡೋಕೆ ಬರಲ್ಲ.

ಬಂದರು ಬೆಕ್ಕು:
ಪುಡಿ ನನ್ನ ಹತ್ರ ಇದೆ, ಸ್ಕೂಟಿ ತಗೊಂಡು ಬರ್ತೇನೆ, ಲೊಕೇಶನ್ ಕಳ್ಸು.

ಹೊಸಬ:
ನಮ್ಮನೆ ಹತ್ರ ಒಂದು ಬೆಕ್ಕಿಗೆ ಜ್ವರ ಥರ ಇದೆ, ಮುದುಡಿ ಕೂತಿದೆ. ಅರ್ಧ ಪ್ಯಾರಾಸಿಟಮಾಲ್ ಹಾಕಿದ್ರೆ ಆಗ್ತದಾ?

ಪಶುವೈದ್ಯ ವಿದ್ಯಾರ್ಥಿ:
ಬೇಡ ಬೇಡ ಬೇಡ. ಅರ್ಧ ಮಾತ್ರೆಗೇ ಬೆಕ್ಕು ಸಾಯಬಹುದು, ಅದರ ಲಿವರ್‌ಗೆ ಆ ಔಷಧ ಕರಗಿಸೋ ಶಕ್ತಿ ಇಲ್ಲ, ರಕ್ತ ಆಮ್ಲಜನಕ ಹೊರೋದನ್ನೇ ನಿಲ್ಲಿಸ್ತದೆ. ಹಾಗೇನೇ ನಾಯಿಗೆ ಬೆನ್ನ ಮೇಲೆ ಹಾಕೋ ಉಣ್ಣೆ ಔಷಧ ಬೆಕ್ಕಿಗೆ ಹಾಕ್ಬೇಡಿ, ಪರ್ಮೆಥ್ರಿನ್ ಇದ್ರೆ ಫಿಟ್ಸ್ ಬರ್ತದೆ. ಡಾಕ್ಟರಿಗೆ ತೋರಿಸಿ.

ಹಬ್ಬುವಾಡ ಮನೆ:
ಜಾಗ ಬೇಕು ಅಂದ್ರಿ. ನಮ್ಮ ಹಳೇ ಮನೆ ಹಿಂದೆ ಔಟ್‌ಹೌಸ್ ಇದೆ, ಸಿಮೆಂಟ್ ನೆಲ, ಬಾಗಿಲು ಇದೆ, ಕರೆಂಟ್ ಇದೆ. ಹೋದ ಮಳೆಗಾಲ ಅಲ್ಲಿ ಬೆಕ್ಕಿನ ಮರಿಗಳನ್ನ ಇಟ್ಟಿದ್ವಿ, ಪಾಪ ವಾಂತಿ-ಭೇದಿ ಆಗಿ ಎಲ್ಲ ಹೋದ್ವು. ಫಿನೈಲ್ ಹಾಕಿ ಚೆನ್ನಾಗಿ ತೊಳ್ದು ಕೊಡ್ತೇನೆ.

ಹುಬ್ಬಳ್ಳಿ ಬೆಕ್ಕಮ್ಮ:
ಅಕ್ಕಾರ ನಿಮ್ಮ ಮನಸ ದೊಡ್ಡದು, ಖರೇ ಹೇಳ್ತೀನಿ. ಆದ್ರ ಆ ಖೋಲಿ ಈಗ ಬ್ಯಾಡ್ರಿ. ಮರಿ ಎಲ್ಲಾ ಸಾಲಾಗಿ ವಾಂತಿ-ಭೇದಿ ಆಗಿ ಹೋದು ಅಂದ್ರ ಪ್ಯಾನ್‌ಲ್ಯೂಕೋಪೀನಿಯಾ ಇರಬೇಕು, ಬೆಕ್ಕಿನ ಪಾರ್ವೋ ಅಂತೀವಲ್ಲ. ಆ ವೈರಸ್ಸು ಖೋಲಿಯೊಳಗ ಒಂದ ವರ್ಷದ ತನಕಾನೂ ಕುಂದ್ರತೈತಿ. ಫಿನೈಲಿಗೆ ಅದು ಸಾಯಂಗಿಲ್ಲ, ಬೆಕ್ಕು ಸಾಯತೈತಿ. ಫಿನಾಲ್ ಇರೋ ಯಾವ ನೆಲಾ ಒರಸೋ ಎಣ್ಣಿನೂ ಬೆಕ್ಕಿಗೆ ವಿಷ, ಪಂಜಾ ನೆಕ್ಕೊತಾವಲ್ರಿ.

ಪಶುವೈದ್ಯ ವಿದ್ಯಾರ್ಥಿ:
ಹೌದು. ಆ ರೂಮ್ ಉಪಯೋಗಿಸ್ಲೇಬೇಕು ಅಂದ್ರೆ ಹಳೇ ಬಟ್ಟೆ, ರಟ್ಟು ಎಲ್ಲ ಸುಟ್ಟು, ಸೋಪಲ್ಲಿ ಉಜ್ಜಿ ತೊಳ್ದು, ಆಮೇಲೆ ಬ್ಲೀಚ್. ಒಂದು ಪಾಲು ಬ್ಲೀಚಿಗೆ 32 ಪಾಲು ನೀರು, ಹತ್ತು ನಿಮಿಷ ಒದ್ದೆಯಾಗೇ ಇರ್ಬೇಕು, ಆಮೇಲೆ ತೊಳ್ದು ಒಣಗಿಸ್ಬೇಕು. ಗಲೀಜಿನ ಮೇಲೇ ಬ್ಲೀಚ್ ಸುರಿದ್ರೆ ಪ್ರಯೋಜನ ಇಲ್ಲ. ಇಷ್ಟೆಲ್ಲ ಆದ್ರೂ ಲಸಿಕೆ ಆಗದ ಮರಿಗಳನ್ನ ನಾನಾದ್ರೆ ಅಲ್ಲಿ ಇಡಲ್ಲ. ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು-ನಾಲ್ಕು ವಾರ ಬಿಟ್ಟು ಇನ್ನೊಂದು. ರೇಬೀಸ್ ಲಸಿಕೆ ಮೂರು ತಿಂಗಳಿಗೆ.

ಹಬ್ಬುವಾಡ ಮನೆ:
ಅಯ್ಯೋ ಇದು ಯಾರೂ ಹೇಳಿರ್ಲಿಲ್ಲ. ಸರಿ, ಜಾಗ ಬೇಡ ಅಂದ್ರೆ ಅಡುಗೆ ನನ್ನದು. ದಿನಾ ಕುಕ್ಕರ್ ಇಡ್ತೇನೆ.

ಬಂದರು ಬೆಕ್ಕು:
ಅಕ್ಕಾ ಅದೇ ದೊಡ್ಡ ಸಹಾಯ. ಬಂದ್ ಟೈಮಲ್ಲಿ ಮೇ ತಿಂಗಳ ತಾರ್ಲೆ ಮೀನು ಫ್ರೀಜರಲ್ಲಿ ಇಟ್ಟು ಉಪಯೋಗಿಸ್ತೇವೆ. ಹಸಿ ಕೊಡೋದು ಬೇಡ, ಕೆಲವು ಮೀನಲ್ಲಿ ಬಿ1 ವಿಟಮಿನ್ ಹಾಳು ಮಾಡೋ ಅಂಶ ಇರ್ತದೆ, ಬೇಯಿಸಿದ್ರೆ ಅದು ಹೋಗ್ತದೆ. ತಾರ್ಲೆಗೆ ಒಂದಿಷ್ಟು ಸೀಟಿ ಜಾಸ್ತಿ ಹೊಡೆಸಿದ್ರೆ ಮುಳ್ಳೂ ಮೆತ್ತಗೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಬೇಡ. ಒಂದು ಮುಷ್ಟಿ ಅನ್ನ ಸೇರಿಸಿದ್ರೆ ಸಾಕು, ಮೀನು ಹೆಚ್ಚಿರ್ಲಿ.

ಕಾಜುಬಾಗ ಅಜ್ಜ:
ಮಳೆಗಾಲದಲ್ಲಿ ಕಾರು ಚಾಲೂ ಮಾಡೋ ಮೊದ್ಲು ಬಾನೆಟ್ ಮೇಲೆ ನಾಲ್ಕು ಸಲ ತಟ್ಟಿ ಅಂತನೂ ಹಾಕಿ. ಇಂಜಿನ್ ಬಿಸಿಗೆ ಒಳಗೆ ಹೋಗಿ ಮಲಗಿರ್ತವೆ. ನಾನು ದಿನಾ ತಟ್ತೇನೆ, ಮೊಮ್ಮಗ ನಗ್ತಾನೆ.

ಕೋಡಿಬಾಗ ಹುಡುಗಿ:
ತಾಯಿ ಬಂತು!!! ಬೆಚ್ಚಗಿದ್ದನ್ನ ಎತ್ಕೊಂಡು ಹೋಗಿ, ಆಮೇಲೆ ಬಂದು ಎರಡನೇದನ್ನೂ ಎತ್ಕೊಂಡು ಹೋಯ್ತು. ಜನರೇಟರ್ ರೂಮ್ ಹಿಂದೆ ಇಟ್ಟಿದೆ. ಮೂರು ಬಣ್ಣದ್ದು.

ಶಿರಸಿ ತೋಟದಮನೆ:
ನಮ್ಮ ಆಯಿಗೆ ಹೇಳ್ಲಾ?

ಬಂದರು ಬೆಕ್ಕು:
ತಡೀರಿ ಭಟ್ರೆ 😀 ಮರಿ ತಾನಾಗಿ ತಿನ್ನೋಕೆ ಶುರು ಮಾಡ್ಲಿ, ತಾಯಿಗೆ ಆಪರೇಷನ್ ಆಗ್ಲಿ, ಆಮೇಲೆ ಮಾತಾಡೋಣ. ಅದು ಜನರ ಹತ್ರ ಬರೋದೋ ಅಲ್ವೋ ಅಂತನೂ ನೋಡ್ಬೇಕು. ಕೋಡಿಬಾಗದವಳೇ, ಅದಕ್ಕೆ ದಿನಾ ಒಂದೇ ಹೊತ್ತಿಗೆ ಊಟ ಇಡು, ರೂಮ್ ಒಳಗೆ ಇಣುಕ್ಬೇಡ, ಇಲ್ಲಾಂದ್ರೆ ಮತ್ತೆ ಜಾಗ ಬದಲಾಯಿಸ್ತದೆ.

ಟ್ರಾಲರ್ ತಮ್ಮ:
ಅಕ್ಕ, ಮಾಲೀಕ್ರು ಒಪ್ಪಿದ್ರು. ಶೆಡ್ಡಿನ ಹಿಂದಿನ ಕೋಣೆ, ಮೊದ್ಲು ಡೀಸೆಲ್ ಕ್ಯಾನ್ ಇಡ್ತಿದ್ರು, ಈಗ ಖಾಲಿ. ಸೋರೂದಿಲ್ಲ. ಎರಡು ಕಂಡೀಷನ್ ಹಾಕಿದ್ರು, ಬಲೆ ಕಡೆ ಒಂದು ಬೆಕ್ಕೂ ಹೋಗ್ಬಾರ್ದು, ಮತ್ತೆ ಅವ್ರ ಶೆಡ್ಡಿನ ಇಲಿ ಹಿಡಿಯು ಕಪ್ಪು ಬೆಕ್ಕಿನ ಆಪರೇಷನ್ ಮೊದ್ಲು ಆಗ್ಬೇಕು, ಅದು ಬಸ್ರಿ ಆದ್ರೆ ಇಲಿ ಹಿಡೂದಿಲ್ಲ ಅಂತ.

ಬಂದರು ಬೆಕ್ಕು:
ಎರಡೂ ಒಪ್ಪಿಗೆ!! ಡೀಸೆಲ್ ವಾಸನೆ ಇದ್ರೆ ಸೋಪ್ ಹಾಕಿ ಚೆನ್ನಾಗಿ ತೊಳೀಬೇಕು, ನೆಲಕ್ಕೆ ಎಣ್ಣೆ ಅಂಟಿದ್ರೆ ಕಾಲಿಗಾಗ್ತದೆ. ಗಂಡನ್ನ ಎಚ್ಚರ ಆಗಿ ಚೆನ್ನಾಗಿ ತಿಂದ ಮಾರನೇ ದಿನ ಬಿಡಬಹುದು ಅಂದಿದ್ದಾರೆ ಡಾಕ್ಟ್ರು, ಹೆಣ್ಣನ್ನ ಗಾಯ ನೋಡಿ ಅವ್ರು ಹೇಳಿದ್ಮೇಲೆ. ಹಾಲು ಕುಡಿಸೋ ತಾಯಿ ಬೋನಿಗೆ ಬಿದ್ರೆ ಮರಿ ಎಲ್ಲಿದೆ ಅಂತ ಗೊತ್ತಾಗೋ ತನಕ ಕೊಯ್ಸೋದು ಬೇಡ ಅಂತಲೂ ಮಾತಾಗಿದೆ.

ನಂದನಗದ್ದಾ ನಿವಾಸಿ:
ನಮ್ಮ ಗಲ್ಲಿ ಲಿಸ್ಟಲ್ಲಿ ಇದೆಯಾ ಇಲ್ವಾ? ದೊಡ್ಡ ತಲೆಯ ಒಂದು ಕೇಸರಿ ಗಂಡು ಇದೆ, ವಿದ್ಯಾರ್ಥಿ ಹೇಳಿದ ಹಾಗೇ ಊದಿದ ಕೆನ್ನೆ. ಅದೊಂದನ್ನ ಮಾಡ್ಸಿದ್ರೆ ಅದರ ಬಿಲ್ಲು ನಾನೇ ಕೊಡ್ತೇನೆ.

ಬಂದರು ಬೆಕ್ಕು:
ಬಂದರು ಮೊದ್ಲು ಸರ್, ಬೋಟ್ ನಿಲ್ಲೋಕೆ ಮುಂಚೆ ಮುಗೀಬೇಕು. ನಿಮ್ಮ ಗಲ್ಲಿಯಲ್ಲಿ ಬರೀ ಆ ಗಂಡನ್ನ ಮಾಡ್ಸಿದ್ರೆ ಅದರ ಜಾಗಕ್ಕೆ ಪಕ್ಕದ ಗಲ್ಲಿಯದ್ದು ಬರ್ತದೆ, ಹೆಣ್ಣುಗಳೂ ಆಗ್ಬೇಕು. ಊಟ ಹಾಕೋ ಆ ಬಾಯಿ ಹತ್ರ ಒಂದ್ಸಲ ಮಾತಾಡ್ತೀರಾ? ಬೆಕ್ಕೆಲ್ಲ ಅವ್ರ ಹತ್ರನೇ ಬರೋದು, ಬೋನು ಅವ್ರ ಅಂಗಳದಲ್ಲೇ ಇಡ್ಬೇಕಾಗ್ತದೆ.

ನಂದನಗದ್ದಾ ನಿವಾಸಿ:
ನಾನು ಅವ್ರ ಹತ್ರ ಮಾತು ಬಿಟ್ಟು ಬಹಳ ದಿನ ಆಯ್ತು. ಹೆಂಡತಿಗೆ ಹೇಳ್ತೇನೆ.

ಬಂದರು ಬೆಕ್ಕು:
ಆಯ್ತು. ಉಳಿದವ್ರಿಗೆ: ಹಳೇ ಬೆಡ್‌ಶೀಟು, ನ್ಯೂಸ್ ಪೇಪರ್, ಮುಚ್ಚಳ ಇರೋ ಬಕೆಟು ಬೇಕು. ಹೊಸ ಟವೆಲ್ ಕೊಡ್ಬೇಡಿ, ವೇಸ್ಟ್. ವೆಲ್ಡಿಂಗ್‌ನವ್ರು ಎರಡು ಬೋನು ಭಾನುವಾರ ಕೊಡ್ತೇನೆ ಅಂದಿದ್ದಾರೆ, ತಮ್ಮಾ ನೀನು ಅವತ್ತು ಬಂದರಲ್ಲಿ ಇರ್ತೀಯಾ?

ಟ್ರಾಲರ್ ತಮ್ಮ:
ಗಾಳಿ ಇದ್ರೆ ಇರ್ತೆ. ಇಲ್ಲಾಂದ್ರೆ ಕಡಲಲ್ಲಿ. ಶನಿವಾರ ರಾತ್ರಿ ಹೇಳ್ತೆ.